ಹುಲಗೂರ ಫಕೀರಪ್ಪನ ಕಾಲನಿರ್ಣಯ: ಒಂದು ತಿದ್ದೋಲೆ

ಹೋದ ವರ್ಷ ತಮ್ಮನ ಹೊಸಮನೆಯ ವಾಸ್ತುಶಾಂತಿಯ ದಿನ, ಹೋಳಿಗೆ ಊಟಕ್ಕೂ ಎಲೆ ಅಡಿಕೆಗೂ ನಡುವಿನ ಅವಧಿಯಲ್ಲಿ, ಪ್ರಸ್ತುತ ಲೇಖಕನು ಒಂದು ಸಂಶೋಧನ ಪ್ರಬಂಧವನ್ನು ಮಂಡಿಸಿದ್ದನು. ನಮ್ಮ ಮನೆತನದ ಮೂಲಪುರುಷ ಫಕೀರಪ್ಪ ಬಿನ್ ಬಸಪ್ಪನು ಶಾಲಿವಾಹನ ಶಕ 1270ರಲ್ಲಿ, ಅಂದರೆ ಕ್ರಿ.ಶ. 1348ರಲ್ಲಿ, ಹುಲಗೂರಿನಲ್ಲಿ ಬಾಳಿದ್ದನೆಂದೂ, ವಿಜಯನಗರ ಹುಟ್ಟಿ ಆಗಿನ್ನೂ ಹನ್ನೆರಡೇ ವರ್ಷವಾಗಿತ್ತೆಂದೂ, ಒಂದನೆಯ ಹರಿಹರನ ಬೊಕ್ಕಸಕ್ಕೆ ನೆರವಾಗಲು ಈ ಮಹಾನುಭಾವನು ತನ್ನ ಎರೆ ಹೊಲವನ್ನೇ ಒತ್ತೆ ಹಾಕಿದನೆಂದೂ ಅಲ್ಲಿ ಸಾಧಿಸಲಾಗಿತ್ತು. ಸಭೆಯಲ್ಲಿ ಯಾರೂ ಆಕ್ಷೇಪಿಸಲಿಲ್ಲ. ಅರ್ಧ ಮಂದಿಗೆ ಜೊಂಪು ಹತ್ತಿತ್ತೆಂಬುದು ಆಮೇಲೆ ಫೋಟೊ ನೋಡಿದಾಗ ಗೊತ್ತಾಯಿತು. ಉಳಿದರ್ಧ ಮಂದಿ ಮಾತ್ರ ಪೂರ್ಣ ಸಮ್ಮತಿಸಿ, ಮುಂದಿನ ಮದುವೆಯ ಲಗ್ನಪತ್ರಿಕೆಯಲ್ಲಿ ‘ವಿಜಯನಗರ ಕಾಲದ ಮನೆತನ’ ಎಂದು ಅಚ್ಚು ಹಾಕಿಸಿಬಿಟ್ಟರು.

ಆ ಪ್ರಬಂಧವನ್ನು ಈ ಮೂಲಕ ವಾಪಸು ಪಡೆಯಲಾಗಿದೆ. ಕಾರಣಗಳು ಮುಂದಿವೆ.

ಮೊದಲು ಆಕರದ ವಿಚಾರ. ನಮ್ಮ ಅಟ್ಟದ ಮೇಲಿನ ತಗಡಿನ ಟ್ರಂಕಿನಲ್ಲಿ ಒಂದೇ ಒಂದು ಕಾಗದ ಇದೆ. ನಾಲ್ಕು ಮಡಿಕೆ, ಮಡಿಕೆ ಕೂಡುವಲ್ಲಿ ತೂತು. ಮೇಲಿನ ಸಾಲುಗಳು ಮೋಡಿಯಲ್ಲಿ, ಕೆಳಗಿನವು ಕನ್ನಡದಲ್ಲಿ. ಮೋಡಿಯಲ್ಲಿ ಹ್ರಸ್ವ ಇಕಾರಕ್ಕೂ ದೀರ್ಘ ಈಕಾರಕ್ಕೂ ಭೇದವಿಲ್ಲ, ಲೇಖಣಿ ಎತ್ತದೆ ಗೀಚಿಕೊಂಡು ಹೋಗುವ ಬರವಣಿಗೆ. ಓದುವವನ ಮನಸ್ಸಿನಲ್ಲಿ ಇದ್ದದ್ದೆಲ್ಲ ಅದರಲ್ಲಿ ಕಾಣುತ್ತದೆ. ಕನ್ನಡ ಭಾಗದಲ್ಲಿ ‘ಮೌಜೆ ಹುಲಗೂರ, ತಾಲೂಕ ಬಂಕಾಪುರ’ ಎಂದಿದೆ. ಮುಂದೆ ಇಂತಿಷ್ಟು ಎಕರೆ, ಇಂತಿಷ್ಟು ಗುಂಟೆ ಹೊಲವನ್ನು ಮೆಣಸಿನಕಾಯಿ ಪೀಕಿನ ಸಮೇತ ಒತ್ತೆ ಇಟ್ಟ ವಿವರ. ಅದರ ಮುಂದೆ ‘ಸಲಿ ಸನ 1270’. ಕೊನೆಗೆ ಸಾಕ್ಷಿಯ ಗುರುತಾಗಿ ಒಂದು ಚಿತ್ರ. ಇಷ್ಟೇ.

‘ಸಲಿ’ಗೆ ಮುಂಚೆ ಹುಳ ತಿಂದ ಒಂದು ತೂತಿತ್ತು. ಲೇಖಕನು ಅಲ್ಲಿ ತುಸು ಔದಾರ್ಯ ತೋರಿ ‘ಶಾಲಿ’ ಎಂದು ಓದಿ, ‘ವಾಹನ’ ಎಂಬುದನ್ನು ತಾನೇ ಸೇರಿಸಿಕೊಂಡನು. ಪಾಠಪರಿಷ್ಕರಣದಲ್ಲಿ ಇದಕ್ಕೆ ಊಹಾಪಾಠ ಎನ್ನುತ್ತಾರೆ. ನಮ್ಮ ಕಡೆ ಇದಕ್ಕೆ ಬೇರೆ ಹೆಸರಿದೆ.

ಒಮ್ಮೆ ಶಕವೆಂದು ನಿಶ್ಚಯವಾದ ಮೇಲೆ ಉಳಿದ ಸಾಕ್ಷ್ಯಗಳೆಲ್ಲ ತಾವಾಗಿಯೇ ಬಾಗಿದವು. 1348ರಲ್ಲಿ ‘ತಾಲೂಕ’ ಎಲ್ಲಿಂದ ಬಂತು? ಅರಬರು ಕರಾವಳಿಯಲ್ಲಿ ಕುದುರೆ ಇಳಿಸುವಾಗ ಶಬ್ದವನ್ನೂ ಇಳಿಸಿರಬೇಕು. ‘ಎಕರೆ’? ಏಕ ಮತ್ತು ಕೆರೆ ಕೂಡಿ ಎಕ್ಕೆರೆ, ಎಕರೆ. ಒಂದು ಕೆರೆಯ ನೀರು ಹರಿಯುವಷ್ಟು ನೆಲ. ಈ ವ್ಯುತ್ಪತ್ತಿಗೆ ಅಂದು ಚಪ್ಪಾಳೆ ಬಿದ್ದಿತ್ತು. 1840ರ ದಶಕದಲ್ಲಿ ವಿಂಗೇಟ್ ಸಾಹೇಬನ ಮೋಜಣಿ ಧಾರವಾಡ ಸೀಮೆಯ ಹೊಲಗಳಿಗೆ ಎಕರೆ-ಗುಂಟೆಯ ಲೆಕ್ಕ ತಂದಿತೆಂಬುದು ಲೇಖಕನಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದದ್ದನ್ನು ಆ ಹೊತ್ತಿಗೆ ಬದಿಗಿಟ್ಟಿದ್ದನು. ಇಂದಿನ ಶಿಗ್ಗಾಂವಿ ತಾಲೂಕಿಗೆ ಮುಂಬಯಿ ಸರ್ಕಾರದ ಕಾಲದಲ್ಲಿ ಬಂಕಾಪುರ ತಾಲೂಕು ಎಂದು ಹೆಸರಿತ್ತೆಂಬುದೂ ಹಾಗೆಯೇ. ಬದಿ ಸಾಕಷ್ಟು ವಿಶಾಲವಾಗಿತ್ತು.

ಇನ್ನು ಸ್ಥಳದ ವಿಚಾರ. ಹಳಗನ್ನಡದ ಪಕಾರ ಹಕಾರವಾಗುತ್ತದೆ: ಪಾಲು ಹಾಲು, ಪುಲಿ ಹುಲಿ. ಆದ್ದರಿಂದ ಹುಲಗೂರೇ ಪುಲಿಗೆರೆ, ಪಂಪ ಕೊಂಡಾಡಿದ ತಿರುಳ್ಗನ್ನಡ ನಮ್ಮ ಅಡಿಗೆಮನೆಯ ಮಾತು ಎಂದು ಹಿಂದಿನ ಪ್ರಬಂಧದಲ್ಲಿ ಘೋಷಿಸಲಾಗಿತ್ತು. ಮನೆಯ ಹೆಣ್ಣುಮಕ್ಕಳಿಗೆ ಇದು ಬಹಳ ಹಿಡಿಸಿತು. ಅಂದಿನಿಂದ ಅವರು ಬೈದದ್ದೆಲ್ಲ ಶಾಸ್ತ್ರೀಯ ಕನ್ನಡವಾಗಿ ಪರಿಗಣಿತವಾಯಿತು. ಪಕಾರ ಹಕಾರವಾಗುವುದು ನಿಜ. ಆದರೆ ಪುಲಿಗೆರೆಯೆಂದರೆ ಲಕ್ಷ್ಮೇಶ್ವರ. ಪುಲಿಗೆರೆ ಮುನ್ನೂರು, ಬೆಳ್ವೊಲ ಮುನ್ನೂರು ಎಂದು ಶಾಸನಗಳಲ್ಲಿ ಜೋಡಿಯಾಗಿ ಬರುವ ನಾಡು ಅದು. ಮುಂದೆ ಮಿರಜ ಸಂಸ್ಥಾನದ ಪಾಲಾಗಿ, ಈಗ ಗದಗ ಜಿಲ್ಲೆಯಲ್ಲಿದೆ. ಹುಲಗೂರು ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನದು, ಅದಕ್ಕೆ ಪಕ್ಕದೂರಿನ ಹೆಸರನ್ನು ಕಡ ತರುವ ಗರಜು ಎಂದೂ ಬಿದ್ದಿಲ್ಲ. ಲಕ್ಷ್ಮೇಶ್ವರದವರಲ್ಲಿ ಲೇಖಕನು ಕ್ಷಮೆ ಕೇಳುತ್ತಾನೆ.

ಕ್ಷೇತ್ರಕಾರ್ಯಕ್ಕೆಂದು ಲೇಖಕನು ಸ್ವತಃ ಹುಲಗೂರಿಗೆ ಹೋಗಿ, ಚಹಾದಂಗಡಿಯಲ್ಲಿ ಕೂತು, ‘ಇಲ್ಲಿ ಹುಲಗೂರ ಅನ್ನೋ ಅಡ್ಡಹೆಸರಿನವರ ಮನಿ ಎಲ್ಲೈತ್ರಿ?’ ಎಂದು ವಿಚಾರಿಸಿದನು. ಅಂಗಡಿಯವನು ಬಸಿ ತೊಳೆಯುತ್ತ, ‘ಎಲ್ಲಾರೂ ಹುಲಗೂರವ್ರ ಅದೀವ್ರಿ. ಹುಲಗೂರ ಅನ್ನಾವ್ರು ಮಾತ್ರ ಯಾರೂ ಇಲ್ಲ’ ಅಂದನು. ಇದರಿಂದ ಒಂದು ಸೂತ್ರ ದೊರೆಯಿತು. ನಮ್ಮ ಸೀಮೆಯಲ್ಲಿ ಊರಿನ ಹೆಸರು ಅಡ್ಡಹೆಸರಾಗಿ ಅಂಟುವುದು ಊರು ಬಿಟ್ಟವನಿಗೆ. ಸವಣೂರ ಎಂಬುವವರು ಸವಣೂರಿನಲ್ಲಿರುವುದಿಲ್ಲ, ಹಾನಗಲ್ಲ ಎಂಬುವವರನ್ನು ಹಾನಗಲ್ಲಿನಲ್ಲಿ ಹುಡುಕಬಾರದು. ನಮ್ಮನ್ನು ಹುಲಗೂರ ಎಂದು ಕರೆದವರು ಯಾವುದೋ ಪರ ಊರಿನವರು. ಅಂದರೆ ಆ ಹೆಸರು ನಮ್ಮ ಪಾಲಿಗೆ ವಿಳಾಸವಲ್ಲ, ಹೊರಟುಬಂದದ್ದರ ರಸೀದಿ. ಈ ಒಂದು ಸೂತ್ರಕ್ಕೆ ಲೇಖಕನು ಇಂದಿಗೂ ಬದ್ಧನಾಗಿದ್ದಾನೆ.

ಹೆಸರಿನ ಪ್ರಶ್ನೆಯೂ ಸಣ್ಣದಲ್ಲ. ಪರದೇಶದಲ್ಲಿರುವ ನಮ್ಮ ಸೋದರಮಾವನ ಮಗನೊಬ್ಬ ‘ಫಕೀರಪ್ಪ’ನನ್ನು ನೋಡಿದವನೇ, ನಮ್ಮ ಹಿರಿಯ ಸೂಫಿಯಾಗಿದ್ದನೆಂದು ಫೋನಿನಲ್ಲೇ ತೀರ್ಮಾನ ಕೊಟ್ಟನು. ಶಿರಹಟ್ಟಿಯ ಫಕೀರೇಶ್ವರನಿಗೆ ಹರಕೆ ಹೊತ್ತು ಹೆತ್ತ ಮಗನಿಗೆ ಫಕೀರಪ್ಪ, ಮಗಳಿಗೆ ಫಕೀರವ್ವ ಎಂದಿಡುವ ನಾಡಿದು. ಹುಲಗೂರಿನ ಖಾದರ ಶಾವಲಿಯವರ ಭಕ್ತ ಇಮಾಮಸಾಹೇಬರ ಮಗ, ಕಳಸದ ಗೋವಿಂದಭಟ್ಟರ ಶಿಷ್ಯನಾಗಿ ಶಿಶುನಾಳ ಶರೀಫರಾದ ನಾಡು. ಇಲ್ಲಿ ಹೆಸರು ನೋಡಿ ಜಾತಿ ಹೇಳುವವನು ಜೋಳ ನೋಡಿ ರೊಟ್ಟಿ ಬಡಿದವರ ಹೆಸರು ಹೇಳಿಯಾನು. ಇದಕ್ಕಿಂತ ದೊಡ್ಡ ತೊಡಕೆಂದರೆ, ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ನಮ್ಮ ಪದ್ಧತಿ. ಬಸಪ್ಪನ ಮಗ ಫಕೀರಪ್ಪ, ಫಕೀರಪ್ಪನ ಮಗ ಬಸಪ್ಪ, ಅವನ ಮಗ ಮತ್ತೆ ಫಕೀರಪ್ಪ. ಅಣ್ಣತಮ್ಮಂದಿರು ನಾಲ್ವರಿದ್ದರೆ ನಾಲ್ಕೂ ಮನೆಯಲ್ಲಿ ಒಬ್ಬೊಬ್ಬ. ‘ಫಕೀರಪ್ಪ ಬಿನ್ ಬಸಪ್ಪ’ ಎಂದರೆ ಒಬ್ಬ ವ್ಯಕ್ತಿಯೆಂದು ನಂಬಿದ್ದೇ ಲೇಖಕನ ಮೂಲ ಪ್ರಮಾದ. ಅದೊಂದು ಪಾಳಿ.

ಸಿದ್ಧಾಂತ ಕುಸಿದದ್ದು ಪಡಸಾಲೆಯಲ್ಲಿ. ಅತ್ತೆ ಬ್ಯಾಡಗಿಯಿಂದ ತಂದ ಮೆಣಸಿನಕಾಯಿ ಹರವಿಕೊಂಡು ತುಂಬು ಬಿಡಿಸುತ್ತಿದ್ದಳು. ಕೆಂಪಗೆ ಸುಕ್ಕುಸುಕ್ಕಾದ ಕಾಯಿ. ಇಡೀ ಮನೆ ಸೀನುತ್ತಿತ್ತು. ಲೇಖಕನು ಒಂದು ಕಾಯಿ ಎತ್ತಿ ಹಿಡಿದು, ‘ಇದನ್ನ ನಮ್ಮ ಹಿರ್ಯಾ 1348ರಾಗ ಬೆಳದಿದ್ದ’ ಎಂದು ಸಾರಿದಾಗ, ಒಂಬತ್ತನೆತ್ತೆಯಲ್ಲಿ ಓದುವ ತಮ್ಮನ ಮಗಳು ಸೀನು ತಡೆದುಕೊಂಡು ಕೇಳಿದಳು: ‘ದೊಡ್ಡಪ್ಪ, ಮೆಣಸಿನಕಾಯಿ ತಂದಾವ್ರು ಪೋರ್ತುಗೀಜರಲ್ಲೇನು? ವಾಸ್ಕೋ ಡ ಗಾಮ ಬಂದಿದ್ದ 1498ಕ್ಕ.’

ನೂರೈವತ್ತು ವರ್ಷದ ಈ ಅಂತರವನ್ನು ಮುಚ್ಚಲು ಲೇಖಕನು ಒಂದು ವಾರ ಹೆಣಗಿದನು. ಅಮೆರಿಕದಿಂದ ಬಂದ ಕಾಯಿಗೆ ಕನ್ನಡಿಗರು ತಮ್ಮ ಹಳೆಯ ಕರಿಮೆಣಸಿನ ಹೆಸರನ್ನೇ ಹಚ್ಚಿ ಮೆಣಸಿನಕಾಯಿ ಮಾಡಿಕೊಂಡರಷ್ಟೆ. ಹಾಗಾದರೆ ಹುಲಗೂರಿನ ಹೊಲದಲ್ಲಿ ಇದ್ದದ್ದು ಕರಿಮೆಣಸೇ ಏಕಾಗಿರಬಾರದು? ಈ ವಾದವನ್ನು ಅತ್ತೆಯ ಮುಂದಿಟ್ಟಾಗ ಅವಳು ತಲೆ ಎತ್ತದೆ, ‘ಎರಿ ಹೊಲದಾಗ ಕರಿಮೆಣಸ? ಬಳ್ಳಿ ಎದಕ್ಕ ಹಬ್ಬಿಸಿದ್ದ ತಮ್ಮಾ, ನಿನ್ನ ಕಾಲಿಗೇನು?’ ಅಂದಳು. ಚರ್ಚೆ ಮುಗಿಯಿತು.

ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಾಗ ತೂತಿನ ಅಂಚಿನಲ್ಲಿ ಅಳಿದುಳಿದ ಒಂದು ಫಕಾರ ಕಂಡಿತು. ಫಸಲಿ. ಜೂನ್‌ನಲ್ಲಿ, ಮಿರಗದ ಮಳೆ ಕೂಡುವ ಹೊತ್ತಿಗೆ ಶುರುವಾಗುವ ಕಂದಾಯದ ವರ್ಷ. ಶಕಕ್ಕೆ 78 ಕೂಡಿಸಬೇಕು, ಫಸಲಿಗೆ 590. ಮರಾಠರ ದಫ್ತರಗಳ ಅರಬಿ ಸನವಾಗಿದ್ದರೆ 599 ಕೂಡಿಸಿ 1869 ಆಗುತ್ತಿತ್ತು. ಹೀಗೆ ಒಂದೇ 1270 ಮೂವರು ಫಕೀರಪ್ಪರನ್ನು ಹೆರಬಲ್ಲದು. ನಮ್ಮವನು 1860ರವನು. ಹುಳವೊಂದು ಒಂದೇ ಅಕ್ಷರ ಮೇದು ಅವನಿಗೆ 512 ವರ್ಷ ವಯಸ್ಸು ಹೆಚ್ಚಿಸಿತ್ತು. ಹರಿಹರ ಕೈತಪ್ಪಿದರೂ, ಆ ವರ್ಷ ಪಕ್ಕದ ಶಿಶುನಾಳದಲ್ಲಿ ಶರೀಫರಿಗೆ 41 ತುಂಬಿತ್ತು. ಇದನ್ನು ಹಿಡಿದು ಹೊಸ ಪ್ರಬಂಧವೊಂದು ಸಿದ್ಧವಾಗುತ್ತಿತ್ತು; ಮನೆಯವರು ಪೆನ್ನು ಕಸಿದುಕೊಂಡರು.

ಅಷ್ಟರಲ್ಲಿ ಸುಗ್ಗಿ ಮುಗಿದು ಹೆಳವ ಬಂದನು. ಹಿಂದಿನವರು ಎತ್ತಿನ ಮೇಲೆ ಬರುತ್ತಿದ್ದರು, ಈತ ಬೈಕಿನ ಮೇಲೆ ಬಂದನು. ಜೋಳ, ರೊಕ್ಕ, ಒಂದು ಪಟಕ ಕೊಟ್ಟು ಕೂಡಿಸಿದ ಮೇಲೆ ವಹಿ ಬಿಚ್ಚಿ, ಬೆಡಗು ಕೇಳಿ, ತಲೆಮಾರು ಹಿಡಿದು ಓದುತ್ತ ಹೋಗಿ ಒಂದು ಕಡೆ ನಿಂತನು. ‘ಯಜಮಾನ್ರ, ಹೊಲ ಒತ್ತಿ ಹಾಕಿದಾಂವ ಬ್ಯಾರೆ ಬೆಡಗಿನ ಫಕೀರಪ್ಪರಿ. ನಾಲ್ಕ ಮಂದಿ ಅಣತಮ್ಮರು ಅವರು. ನಿಮ್ಮ ಫಕೀರಪ್ಪ ಒಬ್ನ ಮಗ. ನಿಮ್ಮಾಂವಗ ಹೊಲ ಇದ್ದಿದ್ದಿಲ್ರಿ. ಎತ್ತ ಇದ್ವು.’

ಆಗ ಕಾಗದದ ಕೊನೆಯಲ್ಲಿನ ಚಿತ್ರದ ಗುಟ್ಟು ಒಡೆಯಿತು. ಮೂತಿ ಮುಂದಕ್ಕೆ ಚಾಚಿದ ಆ ಆಕೃತಿಯನ್ನು ಲೇಖಕನು ವಿಜಯನಗರದ ವರಾಹ ಲಾಂಛನವೆಂದು ಗುರುತಿಸಿದ್ದನು. ಅದು ನೇಗಿಲು. ಓದುಬರಹ ಬಾರದ ರೈತರು ಸಹಿಯ ಬದಲು ಹಾಕುತ್ತಿದ್ದ ಗುರುತು. ನಮ್ಮ ಫಕೀರಪ್ಪ ಆ ಪತ್ರದಲ್ಲಿ ಸಾಕ್ಷಿ. ‘ಕೊಟ್ಟಾಂವಗ ಇಸಕೊಂಡಾಂವನ ಮ್ಯಾಲ ನಂಬಿಕಿ ಇದ್ದಿಲ್ಲಂತ, ಇಸಕೊಂಡಾಂವಗ ಕೊಟ್ಟಾಂವನ ಮ್ಯಾಲ. ಅದಕ್ಕ ಕಾಗದ ನಮ್ಮನ್ಯಾಗ ಇಟ್ಟಿದ್ರಂತ’ ಎಂದು ಅತ್ತೆ ಅಂದಳು. ಇಷ್ಟು ದಿನ ಯಾಕೆ ಹೇಳಲಿಲ್ಲವೆಂದು ಕೇಳಿದ್ದಕ್ಕೆ, ‘ನೀ ಯಾವಾಗ ಕೇಳಿದ್ದಿ?’ ಅಂದಳು.

ಆದ್ದರಿಂದ ಹುಲಗೂರ ಸೀಮೆಯಲ್ಲಿ, ಫಸಲಿ 1270ರಲ್ಲಿ ಹೊಲ ಒತ್ತೆ ಹಾಕಿದ, ನಾಲ್ವರು ಅಣ್ಣತಮ್ಮಂದಿರಿದ್ದ ಫಕೀರಪ್ಪ ಬಿನ್ ಬಸಪ್ಪನ ವಂಶದವರು ಯಾರಾದರೂ ಇದ್ದರೆ ದಯವಿಟ್ಟು ಬಂದು ನಿಮ್ಮ ಕಾಗದ ಒಯ್ಯಿರಿ. ಅದರಲ್ಲಿನ ನೇಗಿಲು ಮಾತ್ರ ನಮ್ಮದು, ಫೋಟೊ ತೆಗೆದಿಟ್ಟುಕೊಂಡಿದ್ದೇವೆ. ಲಗ್ನಪತ್ರಿಕೆಗಳು ಮುನ್ನೂರು ಉಳಿದಿವೆ. ಹಿಂಬದಿ ಖಾಲಿ ಇದೆ, ಕಿರಾಣಿ ಚೀಟಿ ಬರೆಯಲು ಬೇಕಾದವರು ಅವನ್ನೂ ಒಯ್ಯಬಹುದು.