ದೇವಸುಗೂರು ಪ್ರಾಂತದ ಗಣಕಯಂತ್ರ ಜೀರ್ಣೋದ್ಧಾರ ಮೀಮಾಂಸೆ

ಕೆಟ್ಟ ಕಂಪ್ಯೂಟರನ್ನು ಗುಜರಿಗೆ ಹಾಕದೆ ಬದುಕಿಸಲು ಹೆಣಗುವವರಿಗೆ ಶಾಸ್ತ್ರದಲ್ಲಿ ‘ಜೀರ್ಣೋದ್ಧಾರಕ’ರೆಂಬ ಹೆಸರೂ ಮನೆಯವರ ಬಾಯಲ್ಲಿ ಬೇರೇನೋ ಹೆಸರೂ ಉಂಟು. ಈ ವಿದ್ಯೆಯ ಪೀಠ ಬೆಂಗಳೂರಿನ ಎಸ್.ಪಿ. ರಸ್ತೆ ಎಂಬುದು ಪೂರ್ವಪಕ್ಷ. ಅದು ಬರೀ ಬಿಡಿಭಾಗಗಳ ಸಂತೆ. ಪೀಠವಿರುವುದು ರಾಯಚೂರು ಜಿಲ್ಲೆಯ ದೇವಸುಗೂರಿನಲ್ಲಿ ಎಂದು ಸಾಧಿಸುವುದೇ ನಮ್ಮ ಪ್ರತಿಜ್ಞೆ.

ಊರಿಗೆ ಅಂಟಿಕೊಂಡಿರುವ ಶಕ್ತಿನಗರದ ಶಾಖೋತ್ಪನ್ನ ಸ್ಥಾವರದ ಮೊದಲ ಘಟಕ ಚಾಲೂ ಆದದ್ದು 1985ರಲ್ಲಿ. ಇಂಟೆಲ್‌ನ 386 ಚಿಪ್ ಹುಟ್ಟಿದ್ದೂ ಅದೇ ವರ್ಷ. ಇದನ್ನು ಕಾಕತಾಳೀಯ ಎನ್ನುವವರ ಜೊತೆ ನಮಗೆ ವಾದ ಬೇಡ. ಸ್ಥಾವರದ ಎಂಟು ಘಟಕಗಳ ಸಾಮರ್ಥ್ಯ 1720 ಮೆಗಾವಾಟ್. ಹವ್ಯಾಸಿಯ ಚೊಚ್ಚಲ ಕೃತಿಯೋ, 555 ಟೈಮರ್ ಐಸಿಯಿಂದ ಮಿಣುಕಿಸುವ ಒಂದು ಕೆಂಪು ಎಲ್‌ಇಡಿ. ಉರಿಯುವಾಗ ಅದು ಬೇಡುವುದು ಸುಮಾರು 40 ಮಿಲಿವಾಟ್. ಭಾಗಿಸಿದರೆ 4300 ಕೋಟಿ ಎಲ್‌ಇಡಿಗೆ ಸಾಲುವಷ್ಟು ಕರೆಂಟು ಪಕ್ಕದಲ್ಲೇ ಇದೆ. ಆದರೂ ಸೋಲ್ಡರಿಂಗ್ ಐರನ್ ಕಾದ ಗಳಿಗೆಗೇ ಕರೆಂಟು ಹೋಗುವುದುಂಟು. ಹಿರಿಯರು ಇದನ್ನು ‘ದೀಪದ ಬುಡದಲ್ಲಿ ಕತ್ತಲೆ’ ಎಂಬ ಸೂತ್ರದಲ್ಲಿ ಮೊದಲೇ ಅಡಕ ಮಾಡಿದ್ದಾರೆ.

ಇನ್ನು ಬಿಸಿಲು. ಇಲ್ಲಿ ರಾಯಚೂರಿಗೆ ಎದುರಾಳಿಯಿಲ್ಲ. ಹಳೆಯ ಕೀಬೋರ್ಡಿನ ಎಬಿಎಸ್ ಪ್ಲಾಸ್ಟಿಕ್ ಹಳದಿಗಟ್ಟುತ್ತದೆ. ಬೆಂಕಿ ಹತ್ತದಿರಲೆಂದು ಬೆರೆಸಿದ ಬ್ರೋಮಿನ್ ಸಂಯುಕ್ತಗಳ ಮೇಲೆ ಇದರ ಆಪಾದನೆಯಿದೆ. ಪರಿಹಾರವೆಂದರೆ, ಬ್ಯೂಟಿ ಪಾರ್ಲರಿನಲ್ಲಿ ಕೂದಲಿಗೆ ಹಚ್ಚುವ ಹೈಡ್ರೋಜನ್ ಪೆರಾಕ್ಸೈಡ್ ಕ್ರೀಮನ್ನು ಕೈಗವಸು ತೊಟ್ಟು ಸವರಿ, ತೆಳು ಪ್ಲಾಸ್ಟಿಕ್ ಸುತ್ತಿ, ಮಾಳಿಗೆಯ ಮೇಲಿಡುವುದು. ಲಂಡನ್ನಿನ ಹವ್ಯಾಸಿ ಅತಿನೇರಳೆ ದೀಪ ಕೊಳ್ಳಬೇಕಾದೀತು. ಮಾನ್ವಿ, ದೇವದುರ್ಗದವರಿಗೆ ಸೂರ್ಯ ಪುಕ್ಕಟೆ. ಕ್ರೀಮ್ ನಡುವೆ ಒಣಗಿದರೆ ಮಾತ್ರ ವಿಭೂತಿಪಟ್ಟೆಯಂಥ ಬಿಳಿ ಗೆರೆಗಳು ಏಳುತ್ತವೆ. ಸುಗೂರೇಶ್ವರ ದೇವರ ಈ ಊರಿನಲ್ಲಿ ಇದನ್ನು ದೋಷವೆಂದು ಎಣಿಸತಕ್ಕದ್ದಲ್ಲ.

ಮೈ ಬೆಳ್ಳಗಾಗಿಸುವ ಈ ಬಿಸಿಯೇ ಒಳಗೆ ಕರುಳು ಒಣಗಿಸುತ್ತದೆ. ಉಷ್ಣತೆ 10 ಡಿಗ್ರಿ ಏರಿದಾಗಲೆಲ್ಲ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಸೋರಿದ ಕೆಪಾಸಿಟರಿನ ಕಾಲಿಗೆ ಐರನ್ ತಾಗಿಸಿದರೆ ಗಮ್ಮೆಂದು ಮೀನಿನ ವಾಸನೆ. ಕೃಷ್ಣಾ ನದಿ ಹತ್ತಿರದಲ್ಲೇ ಇರುವುದರಿಂದ ಶ್ರಾವಣ ಸೋಮವಾರ ಈ ಕಾರ್ಯ ನಿಷಿದ್ಧ. ನೆರೆಮನೆಯವರು ಕೇಳುವ ಪ್ರಶ್ನೆಗೆ ಯಾವ ಡೇಟಾಶೀಟಿನಲ್ಲೂ ಉತ್ತರವಿಲ್ಲ.

ಗ್ರಂಥಸಂಪಾದಕರನ್ನು ಕಾಡುವುದು ಫ್ಲಾಪಿ. ಇದೇ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಅಶೋಕನ ಶಾಸನ ಎರಡು ಸಾವಿರ ವರ್ಷ ದಾಟಿದರೂ ಓದಲು ಬರುತ್ತದೆ, ಡ್ರೈವ್ ಬೇಕಿಲ್ಲ. 1.44 ಎಂಬಿ ಫ್ಲಾಪಿಯಲ್ಲಿಟ್ಟ ಲಗ್ನಪತ್ರಿಕೆಯಾದರೋ ಆ ದಂಪತಿಯ ಮಕ್ಕಳು ಕಾಲೇಜು ಸೇರುವಷ್ಟರಲ್ಲಿ ಬೂಸ್ಟು ಹಿಡಿದಿರುತ್ತದೆ. ವರನ ಹೆಸರು, ಮುಹೂರ್ತ ಸಿಗುತ್ತವೆ. ವಧುವಿನ ಹೆಸರಿನ ಸೆಕ್ಟರ್ ತ್ರುಟಿತ.

ಕಡೆಯ ಆಕ್ಷೇಪ ಗುಜರಿಯವನದು: “ಇದರಾಗ ಏನದ ಸರ, ತೂಕಕ್ಕ ಹಾಕ್ರಿ.” ತೂಕವೊಂದೇ ಪ್ರಮಾಣವೆನ್ನುವ ಈ ಲೋಕಾಯತ ಮತವನ್ನು ಖಂಡಿಸಲು ಯಂತ್ರವನ್ನು ಅವನೆದುರೇ ಚಾಲೂ ಮಾಡಲಾಯಿತು. ಬೀಪ್ ಎಂದಿತು. ಪರದೆ ಬೆಳಗಿ ಅಕ್ಷರ ಮೂಡಿತು: ಕೀಬೋರ್ಡ್ ಸಿಗುತ್ತಿಲ್ಲ, ಮುಂದುವರಿಯಲು ಎಫ್1 ಒತ್ತಿ. ನೈಯಾಯಿಕರು ಇದನ್ನು ಅನ್ಯೋನ್ಯಾಶ್ರಯ ದೋಷವೆನ್ನುತ್ತಾರೆ. ಎಫ್1 ಆಗ ಕ್ರೀಮ್ ಹಚ್ಚಿಕೊಂಡು ಮಾಳಿಗೆಯ ಮೇಲೆ ಮಲಗಿತ್ತು. ಗುಜರಿಯವನು ಮಾತಾಡದೆ ತಕ್ಕಡಿ ತೆಗೆದ.