ಗೋಡೆ ನುಂಗಿದ ಬಾಕ್ಸು

ಮನೆ ಕಟ್ಟಿಸುವವರಿಗೆ ಎಲೆಕ್ಟ್ರಿಷಿಯನ್ ಕಂತುಕಂತಾಗಿ ಸಿಗುವ ಮನುಷ್ಯ. ಮೋಲ್ಡ್ ಹಾಕುವ ಹಿಂದಿನ ಸಂಜೆ ಬಂದು, ಸೆಂಟ್ರಿಂಗ್ ಮೇಲೆ ಕಟ್ಟಿದ ಕಂಬಿಗಳ ಸಂದಿಯಲ್ಲಿ ಪೈಪು ಓಡಿಸಿ, ಫ್ಯಾನ್ ಬಾಕ್ಸ್ ಕೂರಿಸಿ ಮಾಯವಾಗುತ್ತಾನೆ. ಗೋಡೆ ಎದ್ದಮೇಲೆ ಕಟಿಂಗ್ ಮಿಷನ್ನಿನೊಂದಿಗೆ ಪ್ರತ್ಯಕ್ಷನಾಗಿ, ನಾವು ಸಾಲ ಮಾಡಿ ಎಬ್ಬಿಸಿದ ಗೋಡೆಯನ್ನು ಉದ್ದುದ್ದಕ್ಕೆ ಸೀಳಿ, ಪೈಪು ಹುಗಿದು, ಅಲ್ಲಲ್ಲಿ ತಗಡಿನ ಬಾಕ್ಸುಗಳನ್ನು ಸಿಮೆಂಟಿನಲ್ಲಿ ಕಚ್ಚಿಸಿ ಮತ್ತೆ ಮಾಯ. ಪ್ಲಾಸ್ಟರಿಂಗ್ ಆದಮೇಲೆ ವೈರು ಎಳೆಯಲು ಒಂದು ಕಂತು, ಪೇಂಟ್ ಆದಮೇಲೆ ಸ್ವಿಚ್ಚು ಹಾಕಲು ಇನ್ನೊಂದು. ನಡುವೆ ಫೋನ್ ಮಾಡಿದರೆ "ದಾರೀಲಿದೀನಿ ಸಾರ್" ಅನ್ನುತ್ತಾನೆ. ಸುಳ್ಳಲ್ಲ. ಯಾವುದೋ ಒಂದು ದಾರಿಯಲ್ಲಿ ಇದ್ದೇ ಇರುತ್ತಾನೆ. ಅದು ನಮ್ಮ ಮನೆಯ ದಾರಿ ಎಂದು ಅವನು ಹೇಳಿರುವುದಿಲ್ಲ.

ಎರಡನೆಯ ಕಂತಿಗೂ ಮೂರನೆಯ ಕಂತಿಗೂ ನಡುವೆ ಗಾರೆ ಮೇಸ್ತ್ರಿ ಬರುತ್ತಾನೆ. ಕಥೆ ಇರುವುದೇ ಅಲ್ಲಿ.

ಮೇಸ್ತ್ರಿಯ ಧರ್ಮ ಗೋಡೆಯನ್ನು ನುಣ್ಣಗೆ ಮಾಡುವುದು. ಮಟ್ಟಗೋಲು ಎಳೆದಾಗ ಅದಕ್ಕೆ ಸಿಗದೆ ಒಳಗೆ ಉಳಿದದ್ದೆಲ್ಲ ಅವನ ಕಣ್ಣಿಗೆ ಹಳ್ಳ. ಹಳ್ಳ ಕಂಡರೆ ಗಾರೆ ತುಂಬಬೇಕು. ಎಲೆಕ್ಟ್ರಿಷಿಯನ್ನಿನ ಧರ್ಮ ಆ ಹಳ್ಳವನ್ನು ಹಳ್ಳವಾಗಿಯೇ ಉಳಿಸಿಕೊಳ್ಳುವುದು. ಒಳಗೋಡೆಗೆ ಪ್ಲಾಸ್ಟರ್ ದಪ್ಪ 12 ಮಿಲಿಮೀಟರ್ ಎಂದು ಲೆಕ್ಕ ಹಿಡಿದು, ಬಾಕ್ಸಿನ ಅಂಚನ್ನು ಇಟ್ಟಿಗೆಯಿಂದ ಅಷ್ಟೇ ಮುಂದಕ್ಕೆ ಬಿಟ್ಟು ಕೂರಿಸುತ್ತಾನೆ. ಆದರೆ ಗೋಡೆ ತೂಕಕ್ಕೆ ನಿಂತಿದ್ದರೆ ತಾನೆ? ಸೊಟ್ಟ ಗೋಡೆಯನ್ನು ನೆಟ್ಟಗೆ ಮಾಡುವ ಉತ್ಸಾಹದಲ್ಲಿ, ಈ ಮೂಲೆಯಲ್ಲಿ 12 ಇದ್ದದ್ದು ಆ ಮೂಲೆ ಮುಟ್ಟುವಷ್ಟರಲ್ಲಿ 25 ಆಗಿರುತ್ತದೆ. ಬಾಕ್ಸು ಒಳಗೆ ಹೋಗುತ್ತದೆ, ಇಲ್ಲವೇ ಕಾಣೆಯೇ ಆಗುತ್ತದೆ.

ನಮ್ಮ ಹಾಲಿನಲ್ಲಿ ಆದದ್ದು ಎರಡನೆಯದು.

ನಮ್ಮ ಎಲೆಕ್ಟ್ರಿಷಿಯನ್ನಿಗೆ ಐವತ್ತು ದಾಟಿದೆ. ಕಿವಿಯ ಮೇಲೆ ಪೆನ್ಸಿಲ್, ಜೇಬಿನಲ್ಲಿ ಟೆಸ್ಟರ್, ಕಾಲಿಗೆ ಹವಾಯಿ ಚಪ್ಪಲಿ. ಚಪ್ಪಲಿಯೇ ಅವನ ಸುರಕ್ಷತಾ ವ್ಯವಸ್ಥೆ. ವೈರು ಎಳೆಯಲು ಬಂದವನು ಹಾಲಿನ ಮಧ್ಯೆ ನಿಂತು ಸುತ್ತ ಕಣ್ಣಾಡಿಸಿದ. ನಾನು ಹೊಸ ಪ್ಲಾಸ್ಟರಿನ ನುಣುಪನ್ನು ಅಂಗೈಯಿಂದ ಸವರಿ ಸವರಿ ಸಂತೋಷಪಡುತ್ತಿದ್ದೆ. ಅವನು ನೋಡಿದ ನೋಟಕ್ಕೆ ಕೈ ತಾನಾಗಿ ಕೆಳಗಿಳಿಯಿತು.

"ಮೇಸ್ತ್ರಿಗಳೇ," ಎಂದ, ತೀರಾ ಮೆತ್ತಗೆ. "ಇಲ್ಲೊಂದು ಎಂಟು ಮಾಡ್ಯೂಲ್ ಬಾಕ್ಸ್ ಇಟ್ಟಿದ್ದೆ."

ಮೇಸ್ತ್ರಿ ಬಾಗಿಲಾಚೆ ಬೀಡಿ ಹಚ್ಚಿ ಕೂತಿದ್ದ. "ಇಟ್ಟಿದ್ರೆ ಇರ್ತದೆ."

"ಇಲ್ವಲ್ಲ."

"ನಿನ್ ಬಾಕ್ಸ್ ಕಾಯಕ್ಕೆ ನಾನೇನು ವಾಚ್‌ಮನ್ನಾ?"

"ಗಾರೆ ಒಳಕ್ಕೆ ಹೋಗ್ದಿರ್ಲಿ ಅಂತ ಪೇಪರ್ ತುರುಕಿದ್ನಲ್ಲಣ್ಣ, ಅದೂ ಕಾಣ್ಲಿಲ್ವಾ?"

"ಪೇಪರ್ ಕಂಡ್ರೆ? ಕೆಲ್ಸ ಬಿಟ್ಟು ಓದ್ಕೊಂಡ್ ಕೂರ್ಬೇಕಿತ್ತಾ?"

ಇಬ್ಬರೂ ನ್ಯಾಯಕ್ಕಾಗಿ ನನ್ನ ಕಡೆ ತಿರುಗಿದರು. ಮಾಲೀಕನೆಂಬ ಪದವಿಯಲ್ಲಿ ನನ್ನಿಂದಾಗುವ ಕೆಲಸ ಒಂದೇ ಇತ್ತು. ಟೀ ತರಿಸಿದೆ.

"ಫೋಟೋ ತೆಗೆದಿಟ್ಟಿಲ್ವೇನಪ್ಪ?" ಎಂದೆ. ತೆಗೆದಿದ್ದ. ಫೋನಿನಲ್ಲಿ ಧರ್ಮಸ್ಥಳದ ಪ್ರವಾಸ ದಾಟಿ, ಮಗಳ ಸ್ಕೂಲ್ ಡೇ ದಾಟಿ, ಕೊನೆಗೆ ಗೋಡೆಗಳು ಬಂದವು. ರಾಶಿ ರಾಶಿ ಗೋಡೆಗಳು. ಪ್ಲಾಸ್ಟರ್ ಆಗದ ಗೋಡೆಗಳೆಲ್ಲ ಅವಳಿ ಮಕ್ಕಳಿದ್ದಂತೆ, ಹೆತ್ತವರಿಗೂ ಗುರುತು ಹತ್ತುವುದಿಲ್ಲ. "ಇದು ನಿಮ್ದೇ ಸಾರ್" ಎಂದು ತೋರಿಸಿದ ಚಿತ್ರದಲ್ಲಿ ನಮ್ಮ ಮನೆಗಿಲ್ಲದ ಕಮಾನು ಕಿಟಕಿಯೊಂದಿತ್ತು.

1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟು ಮುಟ್ಟಿಸಿದ ನಾಡು ನಮ್ಮದು. ನಮ್ಮ ಹಾಲಿನ ಟ್ಯೂಬ್‌ಲೈಟಿನಿಂದ ಅದರ ಸ್ವಿಚ್ಚಿಗೆ ನಾಲ್ಕಾರು ಅಡಿ ಎಳೆಯುವುದು ಅಂದು ಮಧ್ಯಾಹ್ನದವರೆಗೂ ಆಗಲಿಲ್ಲ.

ಹುಡುಕಲು ಇಳಿದಮೇಲೆ ಮಾತ್ರ ಮನುಷ್ಯ ಬೇರೆಯೇ ಆದ. ಜೊತೆಗಿದ್ದ ಹುಡುಗನನ್ನು ಏಣಿ ಹತ್ತಿಸಿ, ಮೇಲಿನ ಜಂಕ್ಷನ್ ಬಾಕ್ಸಿನಿಂದ ಪೈಪಿನೊಳಕ್ಕೆ ಸ್ಪ್ರಿಂಗ್ ತಳ್ಳಿಸಿದ. "ತಳ್ಳು... ತಳ್ಳು... ನಿಲ್ಸು." ಎಲ್ಲಿ ತಡೆಯಿತೋ ಅಲ್ಲಿಗೆ ಬೆರಳಿನಿಂದ ಗುರುತು ಹಿಡಿಸಿ, ಸ್ಪ್ರಿಂಗನ್ನು ಹೊರಗೆಳೆದು, ಅದೇ ಉದ್ದಕ್ಕೆ ಗೋಡೆಯ ಮೇಲೆ ಇಳಿಬಿಟ್ಟು ಪೆನ್ಸಿಲಿನಲ್ಲಿ ಗೀಟು ಹಾಕಿದ. ಮತ್ತೆ ಸ್ಪ್ರಿಂಗ್ ತಳ್ಳಿಸಿ, "ಈಗ ಅಲ್ಲಾಡ್ಸು" ಎಂದು ಕಿವಿಯನ್ನು ಗೋಡೆಗೆ ಆನಿಸಿ ಕಣ್ಣು ಮುಚ್ಚಿದ. ನಾನೂ ಪಕ್ಕದಲ್ಲಿ ಕಿವಿ ಇಟ್ಟೆ. ನನಗೆ ಗೋಡೆಯ ತಂಪು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಅವನಿಗೆ ತಗಡು ಕೆರೆಯುವ ಸದ್ದು ಕೇಳಿಸಿತ್ತು. ಗೀಟಿನಿಂದ ಎರಡು ಬೆರಳು ಬಲಕ್ಕೆ ಸರಿದು ಚಾಣ ಇಟ್ಟು ಒಂದೇಟು ಕೊಟ್ಟ. ಪ್ಲಾಸ್ಟರ್ ಹಕ್ಕಳೆಯೆದ್ದು ಉದುರಿತು. ಒಳಗೆ ಬಾಕ್ಸು, ಬಾಕ್ಸಿನೊಳಗೆ ತೇವ ಹಿಡಿದ ಪೇಪರ್ ಉಂಡೆ. ಅದನ್ನು ಹೊರತೆಗೆದು, ತೊಡೆಯ ಮೇಲಿಟ್ಟು ನೀಟಾಗಿ ಬಿಡಿಸಿ, ಬಾಗಿಲಾಚೆ ಹೋಗಿ ಎರಡೂ ಕೈಯಲ್ಲಿ ಮೇಸ್ತ್ರಿಗೆ ಕೊಟ್ಟ.

"ತಗೊಳ್ಳಿ ಅಣ್ಣ. ಈಗ ಬಿಡುವಾಗಿದೀರಲ್ಲ, ಓದಿ."

ಆ ಕ್ಷಣಕ್ಕೆ ಅವನು ಕೇಳಿದ್ದರೆ ಮನೆಯ ಪತ್ರವನ್ನೇ ಕೊಡುತ್ತಿದ್ದೆನೋ ಏನೋ. ಮರುಕ್ಷಣ ಅವನು ಅಡುಗೆಮನೆಗೆ ಹೊಕ್ಕು "ಅಯ್ಯೋ, ಇದನ್ ಯಾರ್ ಮಾಡಿದ್ದು?" ಎಂದು ಕೂಗಿ ಆ ಭಾವನೆಯನ್ನು ತಾನೇ ಕೆಡಿಸಿದ. ಇದು ಈ ಜಾತಿಯವರ ಮಂಗಳವಾಕ್ಯ. ಯಾರ ಮನೆಯ ಯಾವ ಬೋರ್ಡು ಬಿಚ್ಚಿದರೂ ಮೊದಲು ಬರುವ ಮಾತು ಇದೇ. ತಾನೇ ಮಾಡಿದ್ದಾದರೂ ಇದೇ. ಸಾಮಾನಿನ ಪಟ್ಟಿಯನ್ನು ಮದುವೆ ಕಾಗದದ ಹಿಂಬದಿಗೇ ಬರೆಯುತ್ತಾರೆ. ಪಟ್ಟಿಯಲ್ಲಿ ಒಂದು ಸಾಮಾನು ಬಿಟ್ಟಿರುತ್ತಾರೆ. ಅದು ನೆನಪಾಗುವುದು ಅಂಗಡಿ ಬಾಗಿಲು ಹಾಕಿದಮೇಲೆ.

ಅಡುಗೆಮನೆಯ ಸಂಕಟ ಬೇರೆ ತರಹದ್ದು. ಪ್ಲಾಸ್ಟರಿನ ಮೇಲೆ ಟೈಲ್ಸಿನ ಗಾರೆ, ಅದರ ಮೇಲೆ ಟೈಲ್ಸು. ಮಿಕ್ಸಿಗೆಂದು ಇಟ್ಟಿದ್ದ ಬಾಕ್ಸಿನೊಳಗೆ ಬೆರಳು ಎರಡು ಗೆಣ್ಣು ಇಳಿಯುತ್ತಿತ್ತು. ಕಂಪನಿ ಕೊಟ್ಟ ಸ್ಕ್ರೂ ಅಲ್ಲಿಗೆ ಎಟುಕದು. ಅದಕ್ಕೆಂದೇ ಅವನ ಚೀಲದಲ್ಲಿ ಉದ್ದನೆಯ ಸ್ಕ್ರೂಗಳ ಒಂದು ಡಬ್ಬಿ ಇರುತ್ತದೆ. ಅದನ್ನು ತೆರೆಯುವಾಗೆಲ್ಲ ಮೇಸ್ತ್ರಿಯ ಹೆಸರು ಹೇಳಿಯೇ ತೆರೆಯುತ್ತಾನೆ.

ಅಮೆರಿಕದಲ್ಲಿರುವ ನನ್ನ ಭಾವಮೈದನಿಗೆ ಇದನ್ನು ಹೇಳಿದೆ. ಅಲ್ಲಿ ಇಟ್ಟಿಗೆ ಗಾರೆ ಇಲ್ಲ. ಮರದ ಚೌಕಟ್ಟಿಗೆ ಅರ್ಧ ಇಂಚಿನ ಜಿಪ್ಸಮ್ ಹಲಗೆ ಹೊಡೆದರೆ ಗೋಡೆ ಆಯಿತು. ಅಲ್ಲೂ ಹಲಗೆ ಹೊಡೆಯುವವರು ಬಾಕ್ಸಿನ ಮೇಲೆಯೇ ಹೊಡೆದು ಮುಚ್ಚಿಬಿಡುತ್ತಾರಂತೆ, ಎಲೆಕ್ಟ್ರಿಷಿಯನ್ ಬಂದು ಬಯ್ಯುತ್ತಾನಂತೆ. ಆದರೆ ಅವರ ಎಲೆಕ್ಟ್ರಿಕಲ್ ಕೋಡಿನಲ್ಲಿ ಇದಕ್ಕೂ ಒಂದು ಕಲಮು ಇದೆ: ಅಂಥ ಗೋಡೆಯಲ್ಲಿ ಬಾಕ್ಸಿನ ಅಂಚು ಕಾಲು ಇಂಚಿಗಿಂತ ಹೆಚ್ಚು ಒಳಗಿರಕೂಡದು. ಒಳಗೆ ಹೋದದ್ದನ್ನು ಮುಂದಕ್ಕೆ ತರುವ ಚೌಕಟ್ಟು ಕೂಡ ಅಂಗಡಿಯಲ್ಲಿ ಸಿಗುತ್ತದೆ. ನಮ್ಮವನಿಗೆ ತಿಳಿಸಿದೆ. ಬಹಳ ಹೊತ್ತು ಯೋಚಿಸಿದ. "ಕಾಲಿಂಚಾ? ನಮ್ ಮೇಸ್ತ್ರಿನ ಅಲ್ಲಿಗೆ ಕಳ್ಸಿ ಸಾರ್. ಕಾನೂನೇ ಬದಲಾಯಿಸ್ತಾರೆ."

ಜಿಪ್ಸಮ್ ನಮ್ಮಲ್ಲಿಗೂ ಬಂದಿದೆ, ಗೋಡೆಗಲ್ಲ, ಫಾಲ್ಸ್ ಸೀಲಿಂಗಿಗೆ. ಮಲಗುವ ಕೋಣೆಯಲ್ಲಿ ಲೈಟಿಗೆಂದು ಅವನು ಇಳಿಬಿಟ್ಟಿದ್ದ ವೈರುಗಳನ್ನು ಸೀಲಿಂಗಿನ ಹುಡುಗರು ಮೇಲಕ್ಕೆ ಮಡಚಿ ಬೋರ್ಡು ಹೊಡೆದು ಹೋಗಿದ್ದರು. ಅವನು ಕೂಗಾಡಲಿಲ್ಲ. ಏಣಿಯ ಮೇಲೆ ಸುಮ್ಮನೆ ಕೂತಿದ್ದ. "ಅವ್ರಿಗೆ ಕನ್ನಡ ಬರಲ್ಲ, ನನಗೆ ಹಿಂದಿ ಬರಲ್ಲ. ನೆಟ್ಟಗೆ ಜಗಳಾನೂ ಆಡಕ್ಕಾಗಲ್ಲ ಸಾರ್."

ಅವತ್ತು ಟೀ ಕುಡಿಯುತ್ತ ಹಳೆಯದು ತೆಗೆದ. ಅವನು ಕೆಲಸ ಕಲಿತದ್ದು ರೀಪರ್ ವೈರಿಂಗ್ ಕಾಲದಲ್ಲಿ. ಗೋಡೆಯ ಮೇಲೆ ಮರದ ಪಟ್ಟಿ, ಪಟ್ಟಿಯ ಮೇಲೆ ಕ್ಲಿಪ್ಪು, ಕ್ಲಿಪ್ಪಿನೊಳಗೆ ವೈರು, ಕೊನೆಗೆ ಕಪ್ಪು ಸ್ವಿಚ್ಚು. ಎಲ್ಲವೂ ಕಣ್ಣೆದುರಿಗೆ. ಪಟ್ಟಿ ಒಂದು ನೂಲು ಸೊಟ್ಟಗಾದರೂ ಗುರು ತಲೆಗೆ ಮೊಟಕುತ್ತಿದ್ದನಂತೆ. ನೆಟ್ಟಗೆ ಬಂದರೆ ಮನೆಯವರು ಅಕ್ಕಪಕ್ಕದವರನ್ನು ಕರೆದು ತೋರಿಸುತ್ತಿದ್ದರಂತೆ. "ಈಗ ಗೃಹಪ್ರವೇಶಕ್ಕೆ ಬಂದವ್ರು ಪೇಂಟ್ ಚೆನ್ನಾಗಿದೆ ಅಂತಾರೆ, ಟೈಲ್ಸ್ ಚೆನ್ನಾಗಿದೆ ಅಂತಾರೆ. ನಾನು ಅಲ್ಲೇ ಊಟ ಮಾಡ್ಕೊಂಡ್ ಬರ್ತೀನಿ. ಯಾರಾದ್ರೂ ನನ್ನ ಹುಡುಕಿದ್ರೆ ಎಲ್ಲೋ ಕರೆಂಟ್ ಹೋಗಿದೆ ಅಂತ ಲೆಕ್ಕ." ಒಳ್ಳೆಯ ಕೆಲಸ ಮಾಡಿದಷ್ಟೂ ಮನುಷ್ಯ ಕಾಣದಂತಾಗುವ ಇಂಥ ಕಸುಬು ಇನ್ನು ಯಾವುದಿದೆ ಎಂದು ನಾನು ಗಂಭೀರವಾಗಿ ಚಿಂತಿಸತೊಡಗಿದ್ದೆ. ಅಷ್ಟರಲ್ಲಿ ಅವನು ಬಿಲ್ಲು ತೆಗೆದ.

ಬಿಲ್ಲು ಪಾಯಿಂಟ್ ಲೆಕ್ಕದ್ದು. ಅದರಲ್ಲಿ ದೇವರಮನೆ ಪಕ್ಕದ ಪ್ಲಗ್ ಪಾಯಿಂಟೂ ಇತ್ತು. ಆ ಪಾಯಿಂಟು ನಮಗೆ ಸಿಕ್ಕೇ ಇರಲಿಲ್ಲ. ಪೈಪಿನೊಳಗೆ ಗಾರೆ ಇಳಿದು ಸ್ಪ್ರಿಂಗ್ ಹೋಗದೆ, ಹಾಳಾಗಲಿ ಎಂದು ಪೇಂಟ್ ಹೊಡೆಸಿದ್ದೆವು.

"ಇಲ್ಲದ ಪಾಯಿಂಟಿಗೂ ದುಡ್ಡೇನಪ್ಪ?" ಎಂದೆ.

"ಇಲ್ದೆ ಏನು ಸಾರ್? ನಿಮ್ ಗೋಡೆ ಒಳಗೇ ಇದೆ. ಬೇಕಾದ್ರೆ ಮೇಸ್ತ್ರಿನ ಕೇಳಿ."

ಮೇಸ್ತ್ರಿಯನ್ನು ಕೇಳಿದೆ. ಅಷ್ಟು ದಿನ ಒಂದು ಬಾಕ್ಸನ್ನೂ ಕಂಡಿರದ ಮನುಷ್ಯ ಬೀಡಿ ಕೆಳಗಿಟ್ಟು ಸಾಕ್ಷಿ ನುಡಿದ: "ಇದೆ ಸಾರ್. ನಾನೇ ಮುಚ್ಚಿದ್ದು."