ಹಾಲು ಉಕ್ಕುವ ಹೊತ್ತು

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವನು ನಾನು. ಎಲ್ಲರಿಗಿಂತ ಕೊನೆಗೆ ಏಳುತ್ತಿದ್ದುದು ನನ್ನ ಲ್ಯಾಪ್‌ಟಾಪು. ಬೆಳಿಗ್ಗೆ ಆರಕ್ಕೆ ಅದರ ಗುಂಡಿ ಒತ್ತಿ ಅಡುಗೆಮನೆಗೆ ಹೋಗಿ, ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟು ಕತ್ತರಿಸಿ ಒಲೆಯ ಮೇಲಿಟ್ಟರೆ, ಹಾಲು ಉಕ್ಕುವುದಕ್ಕೂ ಅದು ಕಣ್ಣು ಬಿಡುವುದಕ್ಕೂ ಸರಿಹೋಗುತ್ತಿತ್ತು. ಪಾಸ್‌ವರ್ಡ್ ಹೊಡೆದ ಮೇಲೆ ಮತ್ತೊಂದು ಸುತ್ತು. ತುಳಸಿಗೆ ನೀರು, ಗೇಟಿನ ಬಳಿ ಬಿದ್ದ ಪೇಪರು, ಎದುರುಮನೆಯವರ ಹತ್ತಿರ ಮಳೆಯ ವಿಚಾರ ಎರಡು ಮಾತು. ಇಷ್ಟು ಮುಗಿಸಿ ಕಾಫಿ ಲೋಟ ಹಿಡಿದು ಬಂದಾಗ ಪರದೆಯ ಮೇಲೆ ನೀಲಿ ಉಂಗುರವೊಂದು ತಿರುಗುತ್ತಲೇ ಇರುತ್ತಿತ್ತು. ನಾನು ಕಾಫಿ ಕುಡಿಯುತ್ತ ಅದನ್ನೇ ನೋಡುತ್ತಿದ್ದೆ. ಕೆಲವರು ಪ್ರಾಣಾಯಾಮ ಮಾಡುತ್ತಾರಲ್ಲ, ಹಾಗೆ.

ಆ ಲ್ಯಾಪ್‌ಟಾಪು ನನಗಾಗಿ ಕೊಂಡದ್ದಲ್ಲ. 2012ರಲ್ಲಿ ಮಗಳು ಇಂಜಿನಿಯರಿಂಗ್ ಸೇರಿದಾಗ ಕೊಡಿಸಿದ್ದು. ನಾಲ್ಕು ವರ್ಷದ ಮೇಲೆ ಅವಳಿಗೆ ಕೆಲಸ ಸಿಕ್ಕಿ, ಕಂಪನಿಯವರೇ ಹೊಸದು ಕೊಟ್ಟಾಗ ಇದು ನನಗೆ ಬಂತು. ನಮ್ಮ ಕಾಲದಲ್ಲಿ ಅಣ್ಣನ ಅಂಗಿ ತಮ್ಮನಿಗೆ, ತಮ್ಮನದು ಅವನ ತಮ್ಮನಿಗೆ ಎಂದು ವಸ್ತುಗಳು ಮೇಲಿಂದ ಕೆಳಕ್ಕೆ ಇಳಿಯುತ್ತಿದ್ದವು. ಈಗ ಫೋನು, ಲ್ಯಾಪ್‌ಟಾಪು, ಕಿವಿಗೆ ಸಿಕ್ಕಿಸುವ ವಯರು ಎಲ್ಲವೂ ಮಕ್ಕಳಿಂದ ಅಪ್ಪ ಅಮ್ಮಂದಿರ ಕಡೆಗೆ ಮೇಲಕ್ಕೆ ಹರಿಯುತ್ತವೆ. ನಾನು ಮೂರನೆಯ ಮಗನಾಗಿ ಹುಟ್ಟಿದವನು. ಹೊಸ ಅಂಗಿಯ ವಾಸನೆ ಹೇಗಿರುತ್ತದೆಂದು ತಿಳಿದದ್ದು ಮದುವೆಯಲ್ಲಿ. ಆದ್ದರಿಂದ ಉಪಯೋಗಿಸಿದ ವಸ್ತುವಿನ ಬಗ್ಗೆ ನನಗೆ ತಕರಾರಿಲ್ಲ. ಕೀಬೋರ್ಡಿನಲ್ಲಿ ಎರಡು ಅಕ್ಷರ ಸವೆದುಹೋಗಿದ್ದವು, ಮುಚ್ಚಳದ ಮೇಲೆ ಯಾವುದೋ ಸಿನಿಮಾ ನಟನ ಸ್ಟಿಕರ್ ಅರ್ಧ ಉಳಿದಿತ್ತು. ಕನ್ನಡ ಮೇಷ್ಟ್ರ ಮೇಜಿನ ಮೇಲೆ ಆ ನಟ ಒಂದೇ ಕಣ್ಣಿನಿಂದ ಒಂಬತ್ತು ವರ್ಷ ಎಲ್ಲರನ್ನೂ ನೋಡಿದ.

ಬಂದಾಗ ಅದರಲ್ಲಿದ್ದದ್ದು ವಿಂಡೋಸ್ 7. ಅದೇ ಸಮಯಕ್ಕೆ ವಿಂಡೋಸ್ 10 ಬಿಟ್ಟಿಯಾಗಿ ಸಿಗುತ್ತಿತ್ತು. 2016ರ ಜುಲೈ 29ಕ್ಕೆ ಅವಕಾಶ ಮುಗಿಯುತ್ತದೆಂದು ಪರದೆಯ ಮೂಲೆಯಲ್ಲಿ ದಿನಾ ಡಂಗುರ. ಬೇಕೋ ಬೇಡವೋ, ಬಿಟ್ಟಿ ಸಿಗುವುದು ನಿಲ್ಲುತ್ತದೆ ಎಂದ ಮೇಲೆ ಬಿಡುವುದುಂಟೆ? ಹಾಕಿಸಿಕೊಂಡೆ. ಹಾಲು ಉಕ್ಕುವ ಮೊದಲೇ ಏಳುತ್ತಿದ್ದ ಯಂತ್ರ ಹಾಲು ಉಕ್ಕುವ ಹೊತ್ತಿಗೆ ಏಳುವಂತಾದದ್ದು ಆಮೇಲೆ. ವರ್ಷ ಕಳೆದಂತೆ ಅದು ಇನ್ನಷ್ಟು ನಿಧಾನವಾಯಿತು. ನಾನೂ ಆಗುತ್ತಿದ್ದೆನಾದ್ದರಿಂದ ಗೊತ್ತಾಗಲಿಲ್ಲ.

ಗೊತ್ತಾದದ್ದು ಮಗಳಿಗೆ. 2021ರಲ್ಲಿ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಅವಳು ಒಂದು ದಿನ ಏನೋ ಪ್ರಿಂಟ್ ತೆಗೆಯಬೇಕೆಂದು ನನ್ನ ಲ್ಯಾಪ್‌ಟಾಪ್ ಮುಂದೆ ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ, “ಅಪ್ಪಾ, ಇದು ಹ್ಯಾಂಗ್ ಆಗಿದೆಯಾ, ಸತ್ತು ಹೋಗಿದೆಯಾ?” ಎಂದಳು.

“ಏಳ್ತಾ ಇದೆ ಪುಟ್ಟಿ. ನೀನು ಹೋಗಿ ಸ್ನಾನ ಮಾಡ್ಕೊಂಡು ಬಾ.”

ಅವಳು ತಲೆ ಚಚ್ಚಿಕೊಂಡು ಕಾರಣ ವಿವರಿಸಿದಳು. ಹಾರ್ಡ್ ಡಿಸ್ಕ್ ಎಂದರೆ ಉಗ್ರಾಣ, ರ‍್ಯಾಮ್ ಎಂದರೆ ಅಡುಗೆಕಟ್ಟೆ. ಉಗ್ರಾಣದಿಂದ ಸಾಮಾನು ತಂದು ಕಟ್ಟೆಯ ಮೇಲೆ ಹರಡಿಕೊಂಡರೇ ಅಡುಗೆ. ನನ್ನ ಯಂತ್ರದಲ್ಲಿ ಕಟ್ಟೆ ಬರೀ 4 ಜಿಬಿ, ಜಾಗ ಸಾಲದೆ ಪಾತ್ರೆಗಳನ್ನು ಮತ್ತೆ ಮತ್ತೆ ಉಗ್ರಾಣಕ್ಕೆ ಕೊಂಡೊಯ್ದು ಇಡಬೇಕು. ಉಗ್ರಾಣವೋ ಹಳೆಯ ಕಾಲದ್ದು, ಹುಡುಕುವುದಕ್ಕೇ ಹೊತ್ತು. ನನಗೆ ಅರ್ಧ ಅರ್ಥವಾಯಿತು. ನನ್ನಾಕೆಗೆ ಪೂರ್ತಿ ಅರ್ಥವಾಯಿತು. “ನಮ್ಮ ಅಡುಗೆಮನೆ ಕಟ್ಟೆ ದೊಡ್ಡದು ಮಾಡಿಸಿ ಅಂತ ನಾನು ಇಪ್ಪತ್ತು ವರ್ಷದಿಂದ ಹೇಳ್ತಾನೇ ಇದೀನಲ್ರೀ” ಎಂದಳು. ಮಾತು ಬೇರೆ ಕಡೆ ತಿರುಗುವ ಮೊದಲೇ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.

ಬೆಂಗಳೂರಿನಲ್ಲಿ ಇಂಥ ಕಾಯಿಲೆಗೆಲ್ಲ ಧರ್ಮಾಸ್ಪತ್ರೆ ಎಸ್.ಪಿ. ರಸ್ತೆ. ಪೂರ್ತಿ ಹೆಸರು ಸಾದರ ಪತ್ರಪ್ಪ ರಸ್ತೆ. ಆ ಹೆಸರು ಹೇಳಿ ಆಟೋದವರನ್ನು ಕೇಳಿದರೆ ನಮ್ಮನ್ನೇ ಅನುಮಾನದಿಂದ ನೋಡುತ್ತಾರೆ. ಚಿಕ್ಕಪೇಟೆಯಲ್ಲಿ ಮೆಟ್ರೋ ಇಳಿದು, ತಳ್ಳುಗಾಡಿ, ಕೇಬಲ್ಲಿನ ಸುರುಳಿ, “ಏನ್ ಬೇಕು ಸಾರ್, ಏನ್ ಬೇಕು” ಎಂಬ ಕೂಗುಗಳ ನಡುವೆ ನುಸುಳಿ, ಎರಡು ಕುರ್ಚಿ ಹಾಕಿದರೆ ಮುಗಿದೇಹೋಗುವ ಒಂದು ಅಂಗಡಿ ಹೊಕ್ಕೆ. ಇಪ್ಪತ್ತರ ಹುಡುಗನೊಬ್ಬ ಲ್ಯಾಪ್‌ಟಾಪನ್ನು ಮಗುಚಿ ಹಾಕಿ, ಪಟಪಟನೆ ಸ್ಕ್ರೂ ಬಿಚ್ಚಿ ಒಳಗೆ ನೋಡಿದ. ನೋಡಿ ಪಕ್ಕದವನನ್ನು ಕರೆದ. ಅವನೂ ನೋಡಿದ.

“ಅಂಕಲ್, ನಿಮ್ಮದು ಯಾವ ಏರಿಯಾ?”

“ಬಸವನಗುಡಿ.”

“ಅದೇ ಮತ್ತೆ. ಒಳಗೆ ಕಡ್ಲೆಕಾಯಿ ಪರಿಷೆ ನಡೀತಿದೆ.”

ಫ್ಯಾನಿನ ಸುತ್ತ ಧೂಳಿನ ಹತ್ತಿ, ಅದರ ಮೇಲೆ ಕಡಲೆಕಾಯಿಯ ಕೆಂಪು ಸಿಪ್ಪೆ. ಪ್ರತಿವರ್ಷ ಕಾರ್ತಿಕದ ಕೊನೆಯ ಸೋಮವಾರ ಬಸವಣ್ಣನಿಗೆ ಕೈಮುಗಿದು ತಂದದ್ದನ್ನು ನಾನು ಬರೆಯುತ್ತ ತಿನ್ನುವುದು ನಿಜ. ಒಂದಿಷ್ಟು ಪ್ರಸಾದ ಯಂತ್ರಕ್ಕೂ ಸಂದಿದೆ ಎಂದು ತಿಳಿದಿರಲಿಲ್ಲ.

ಹುಡುಗ ಹಳೆಯ ಹಾರ್ಡ್ ಡಿಸ್ಕನ್ನು ಈಚೆ ತೆಗೆದು ನನ್ನ ಅಂಗೈ ಮೇಲಿಟ್ಟ. ಒಳಗೆ ಗ್ರಾಮಫೋನಿನ ಹಾಗೆ ತಟ್ಟೆ ಇದೆ, ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಮೇಲೊಂದು ಮುಳ್ಳು ಅತ್ತಿತ್ತ ಓಡಾಡಿ ಬೇಕಾದ್ದನ್ನು ಹುಡುಕುತ್ತದೆ ಎಂದ. ನಿಮಿಷಕ್ಕೆ 5400 ಸುತ್ತು! ನಾನು ಸೋಮಾರಿ ಎಂದುಕೊಂಡಿದ್ದ ಪ್ರಾಣಿ ನನ್ನ ಎರಡು ಸಾಲಿಗಾಗಿ ಇಷ್ಟು ಓಡುತ್ತಿತ್ತೆ! ಅದರ ಬದಲಿಗೆ ಹಾಕುವ ಎಸ್‌ಎಸ್‌ಡಿಯನ್ನು ಇನ್ನೊಂದು ಅಂಗೈಗೆ ಕೊಟ್ಟ. ಅದರಲ್ಲಿ ತಿರುಗುವುದು, ಅಲುಗುವುದು ಏನೂ ಇಲ್ಲ, ಬರೀ ಚಿಪ್ಪು. ಅದೇ ಜಾಗಕ್ಕೆ ಕೂರುವ ಅದೇ ಅಳತೆಯ ಡಬ್ಬಿ. ತೂಕ ಮಾತ್ರ ಹಪ್ಪಳದಷ್ಟು. ನನಗೆ ಅನುಮಾನವಾಯಿತು. ಪಾತ್ರೆಯಿರಲಿ, ಹಲಸಿನಹಣ್ಣಿರಲಿ, ಕೈಯಲ್ಲಿ ತೂಗಿ ನೋಡದೆ ದುಡ್ಡು ಕೊಟ್ಟ ಚರಿತ್ರೆ ನಮ್ಮ ವಂಶದಲ್ಲಿಲ್ಲ. “ಒಳಗೆ ಏನಾದರೂ ಇದೆ ತಾನೇ?” ಎಂದೆ. “ಇನ್ನೂರ ನಲವತ್ತು ಜಿಬಿ ಇದೆ ಅಂಕಲ್” ಎಂದ. ರ‍್ಯಾಮ್ ಕಡ್ಡಿ ಇನ್ನೊಂದು ಸೇರಿಸಿ ಕಟ್ಟೆಯನ್ನು 8 ಜಿಬಿ ಮಾಡಿದ. ಅದೂ ಹಳೆಯದಕ್ಕೆ ಜೋಡಿಯಾಗುವ ಡಿಡಿಆರ್3 ಆಗಬೇಕಂತೆ. ಹೊಸ ಕಾಲದ ಡಿಡಿಆರ್4 ಕಡ್ಡಿಯಲ್ಲಿ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಎಷ್ಟು ಅದುಮಿದರೂ ಕೂರುವುದಿಲ್ಲ. ಗೋತ್ರ ನೋಡಿಯೇ ಸಂಬಂಧ.

ಮರುದಿನ ಬೆಳಿಗ್ಗೆ ಆರಕ್ಕೆ ಗುಂಡಿ ಒತ್ತಿ, ಹಾಲಿಟ್ಟು ಹೀಗೆ ತಿರುಗಿದೆ, ಪಾಸ್‌ವರ್ಡ್ ಕೇಳುತ್ತ ನಿಂತಿದೆ! ಗಾಬರಿಯಾಗಿ ಓಡಿ ಬಂದು ಹೊಡೆದೆ. ಉಂಗುರ ಒಂದು ಸುತ್ತು ತಿರುಗುವುದರೊಳಗೆ ಎಲ್ಲವೂ ಸಿದ್ಧ. ಇಂಥ ವೇಗವನ್ನು ಕಂಡರಿಯದ ನಾನು ಒಂದು ಫೈಲು ತೆರೆದೆ, ಮುಚ್ಚಿದೆ, ಮತ್ತೆ ತೆರೆದೆ. ಬರೆಯುವುದೇನೂ ಇರಲಿಲ್ಲ, ತೆರೆಯುವ ಸುಖಕ್ಕೆ ತೆರೆದೆ. ಸುಟ್ಟ ವಾಸನೆ ಮೂಗಿಗೆ ಬಡಿಯುವಷ್ಟರಲ್ಲಿ ಹಾಲು ಒಲೆ, ಕಟ್ಟೆ, ನೆಲ ಎಲ್ಲ ಮುಗಿಸಿ ಸಿಂಕಿನ ಕಡೆ ಹೊರಟಿತ್ತು.

ನನ್ನಾಕೆ ಎದ್ದು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಹೊಸ ಉಗ್ರಾಣ, ಹೊಸ ಕಟ್ಟೆ. ಗೃಹಪ್ರವೇಶಕ್ಕೆ ಹಾಲು ಉಕ್ಕಿಸಿದ್ರಾ? ಒಳ್ಳೇದಾಯ್ತು. ಈಗ ಒರೆಸಿ.”

ಒರೆಸಿದೆ. ಆದರೆ ಆ ಗೃಹಪ್ರವೇಶ ಒಂದು ದಿನಕ್ಕೆ ಮುಗಿಯಲಿಲ್ಲ. ತುಳಸಿ ಬಾಡಿತು. ಪೇಪರು ಎಂಟರವರೆಗೆ ಗೇಟಿನ ಬಳಿಯೇ ಬಿದ್ದಿರತೊಡಗಿತು. ಎದುರುಮನೆಯವರು “ಏನು, ಊರಲ್ಲಿರ್ಲಿಲ್ವಾ?” ಎಂದು ಕೇಳಿದರು. ನಮ್ಮ ಮನೆಯ ಬೆಳಗು ಇಷ್ಟು ವರ್ಷ ಆ ನೀಲಿ ಉಂಗುರದ ಸುತ್ತ ತಿರುಗುತ್ತಿತ್ತು ಎಂದು ಅದು ನಿಂತ ಮೇಲೆ ಗೊತ್ತಾಯಿತು. ಉಳಿದ ಸಮಯದಲ್ಲಿ ಹೆಚ್ಚು ಬರೆದಿರಬಹುದೆಂದು ನೀವು ತಿಳಿದರೆ, ಅದು ನಿಮ್ಮ ದೊಡ್ಡ ಮನಸ್ಸು. ಮೊದಲು ‘ಇನ್ನೂ ಓಪನ್ ಆಗಿಲ್ಲ’ ಎಂದು ಹೇಳಿಕೊಳ್ಳಬಹುದಿತ್ತು. ಈಗ ಖಾಲಿ ಪುಟ ಹತ್ತೇ ಕ್ಷಣದಲ್ಲಿ ತೆರೆದುಕೊಂಡು, ‘ಹೂಂ, ಹೇಳಿ’ ಎಂದು ಮುಖ ನೋಡುತ್ತದೆ.

ಹೀಗೆ ನಾಲ್ಕು ವರ್ಷ ನಡೆಯಿತು. 2023ರಲ್ಲಿ ನನಗೆ ಅರವತ್ತಾಗಿ ಕಾಲೇಜಿನವರು ಹಾರ ಹಾಕಿ, ಪೇಟ ತೊಡಿಸಿ ಕಳಿಸಿಕೊಟ್ಟರು. ಎರಡು ವರ್ಷಕ್ಕೆ ಲ್ಯಾಪ್‌ಟಾಪಿನ ಸರದಿ ಬಂತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯುತ್ತದೆ ಎಂದು ಮೊದಲೇ ಸಾರಿದ್ದರು. ಮುಂದಿನ ವಿಂಡೋಸ್ 11 ಬೇಕೆಂದರೆ ಒಳಗೆ ಟಿಪಿಎಂ 2.0 ಎಂಬ ಭದ್ರತೆಯ ಚಿಪ್ಪು ಇರಬೇಕು. ನನ್ನದು ಅದು ಹುಟ್ಟುವ ಮೊದಲಿನದು. “ಕೆಡೋದೇನೂ ಇಲ್ಲ ಅಪ್ಪ, ನಡೆಯುತ್ತೆ. ಆದ್ರೆ ಮೊದಲಿನ ಹಾಗೆ ಅಪ್‌ಡೇಟ್ ಬರಲ್ಲ. ಬ್ಯಾಂಕ್ ವ್ಯವಹಾರ ಅದರಲ್ಲಿ ಮಾಡ್ಬೇಡ” ಎಂದಳು ಮಗಳು. ಕೈಕಾಲು ಗಟ್ಟಿಯಿದೆ, ಓಡಾಡಿಕೊಂಡಿರಲಿ, ಜವಾಬ್ದಾರಿಯ ಕೆಲಸ ಕೊಡಬೇಡಿ. ನನ್ನ ವಿಷಯದಲ್ಲಿ ಮನೆಯವರು ತೆಗೆದುಕೊಂಡ ತೀರ್ಮಾನವೂ ಇದೇ.

ಹೊಸ ಲ್ಯಾಪ್‌ಟಾಪು ಬಂತು. ನಾನು ಜನ್ಮದಲ್ಲಿ ಮೊದಲು ಬಿಚ್ಚಿದ ಹೊಸ ಲ್ಯಾಪ್‌ಟಾಪು. ಪೆಟ್ಟಿಗೆಯ ಥರ್ಮಾಕೋಲನ್ನೂ ಎಸೆಯಲು ಮನಸ್ಸಾಗದೆ ಅಟ್ಟಕ್ಕೆ ಹಾಕಿದೆ. ಆದರೆ ಮನೆ ಬದಲಾಯಿಸಿದವರಿಗೆ ಗೊತ್ತು, ಕಷ್ಟ ಇರುವುದು ಹೊಸ ಮನೆಯಲ್ಲಲ್ಲ, ಹಳೆಯ ಸಾಮಾನಿನಲ್ಲಿ. ನನ್ನ ಇಪ್ಪತ್ತು ವರ್ಷದ ಬರಹಗಳನ್ನು ಪೆನ್‌ಡ್ರೈವಿನಲ್ಲಿ ಸಾಗಿಸಿ ತೆರೆದರೆ, ಕನ್ನಡವೇ ಇಲ್ಲ! ಟೋಪಿ ಹಾಕಿದ, ಬಾಲ ಬಿಟ್ಟ, ನೆತ್ತಿಯ ಮೇಲೆ ಎರಡು ಚುಕ್ಕಿ ಹೊತ್ತ ಯಾವುದೋ ಯುರೋಪಿನ ಅಕ್ಷರಗಳು ಪುಟತುಂಬ ಕವಾಯತು ಮಾಡುತ್ತಿದ್ದವು. ನನ್ನ ಒಂದು ಪ್ರಬಂಧ ಇದ್ದಕ್ಕಿದ್ದಂತೆ ಅಂತಾರಾಷ್ಟ್ರೀಯ ಮಟ್ಟಕ್ಕೆ ಏರಿಬಿಟ್ಟಿತ್ತು.

ಮಗಳು ಬಿಡಿಸಿ ಹೇಳಿದಳು. ಹಿಂದಿನ ಕಾಲದ ಫಾಂಟುಗಳಲ್ಲಿ ಕನ್ನಡಕ್ಕೆ ಸ್ವಂತ ಮನೆ ಇರಲಿಲ್ಲ. ಇಂಗ್ಲಿಷು, ಫ್ರೆಂಚು ಅಕ್ಷರಗಳಿಗೆಂದು ಕಟ್ಟಿದ ಕೋಣೆಗಳಲ್ಲೇ ನಮ್ಮ ಕೊಂಬು, ದೀರ್ಘ, ಒತ್ತುಗಳು ಬಾಡಿಗೆಗಿದ್ದವು. ಆ ಫಾಂಟು ಇರುವ ಯಂತ್ರದಲ್ಲಿ ಕನ್ನಡ ಕಾಣುತ್ತದೆ. ಇಲ್ಲದ ಕಡೆ ಮನೆಯ ಯಜಮಾನನೇ ಬಾಗಿಲು ತೆಗೆಯುತ್ತಾನೆ. 1991ರಲ್ಲಿ ಬಂದ ಯೂನಿಕೋಡ್ ಕನ್ನಡಕ್ಕೆಂದೇ 128 ಕೋಣೆಗಳ ಸ್ವಂತ ಮನೆ ಕೊಟ್ಟಿದೆ, ಕೆಲವು ಕೋಣೆ ಇನ್ನೂ ಖಾಲಿ ಇವೆ. ನಾನು ಮಾತ್ರ ತೀರ ಈಚಿನವರೆಗೂ ಬಾಡಿಗೆ ಮನೆ ಬಿಟ್ಟಿರಲಿಲ್ಲ. ಪರಿವರ್ತಕದಲ್ಲಿ ಹಾಕಿದಾಗ ಪ್ರಬಂಧಗಳು ಒಂದೊಂದಾಗಿ ಕನ್ನಡಕ್ಕೆ ಮರಳಿದವು. ಓದಿ ನೋಡಿ, ಕೆಲವನ್ನು ಯುರೋಪಿನಲ್ಲೇ ಬಿಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಕೊನೆಯ ಪೆಟ್ಟು ಬಿದ್ದದ್ದು ಬೆರಳುಗಳಿಗೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲಿ ನನ್ನ ಕೈ ಪಳಗಿದೆ. ‘ನುಡಿ’ ತಂತ್ರಾಂಶದಲ್ಲಿ ಇರುವುದೂ ಅದೇ ವಿನ್ಯಾಸ. ‘ಎಫ್’ ಒತ್ತಿದರೆ ಒತ್ತು. ಕೆ, ಎನ್, ಎಫ್, ಎನ್, ಡಬ್ಲ್ಯು ಹೊಡೆದರೆ ‘ಕನ್ನಡ’. ನಿದ್ದೆಗಣ್ಣಿನಲ್ಲೂ ತಪ್ಪುವುದಿಲ್ಲ. ಹೊಸ ಯಂತ್ರದಲ್ಲಿ ನುಡಿಯನ್ನು ಹಾಕುವ ಮೊದಲೇ ಅವಸರಕ್ಕೆ ವಿಂಡೋಸಿನ ಕನ್ನಡವನ್ನು ಆರಿಸಿಕೊಂಡು ಅದೇ ಐದು ಕೀಲಿ ಒತ್ತಿದೆ. ಅದು ಇನ್‌ಸ್ಕ್ರಿಪ್ಟ್ ವಿನ್ಯಾಸವಂತೆ. ಪರದೆಯ ಮೇಲೆ ಬಂದದ್ದು: ‘ಕಲಿಲೈ’.

ಮತ್ತೆ ಹೊಡೆದೆ. ‘ಕಲಿಲೈ’.

ಮೂವತ್ತು ವರ್ಷ ಹುಡುಗರಿಗೆ ನಾನು ಹೇಳಿದ ಮಾತನ್ನು, ಬಿಚ್ಚಿ ಎರಡು ದಿನವಾಗದ ಯಂತ್ರ ಏಕವಚನದಲ್ಲಿ ನನಗೇ ಹೇಳುತ್ತಿತ್ತು. ನನ್ನಾಕೆ ಬಗ್ಗಿ ಓದಿ, “ಸರಿಯಾಗೇ ಇದೆಯಲ್ಲ” ಎಂದಳು.

ಹಳೆಯದು ಈಗ ಅಡುಗೆಮನೆಯ ಶೆಲ್ಫಿನ ಮೇಲಿದೆ. ಮಗಳು ಅದಕ್ಕೆ ಲಿನಕ್ಸ್ ಹಾಕಿಕೊಟ್ಟಿದ್ದಾಳೆ. ಬೆಳಿಗ್ಗೆ ಸುಪ್ರಭಾತ, ಮಧ್ಯಾಹ್ನ ಸಂಗೀತ ಕಛೇರಿ. ನಿವೃತ್ತಿಯ ನಂತರದ ಅದರ ಜೀವನ ನನ್ನದಕ್ಕಿಂತ ಚೆನ್ನಾಗಿ ನಡೆಯುತ್ತಿದೆ. ಒಂಟಿಕಣ್ಣಿನ ನಟನಿಗೆ ದಿನಾ ಒಗ್ಗರಣೆಯ ಧೂಪ.

ನಿನ್ನೆ ಆರು ಗಂಟೆಗೆ ಹೊಸದರ ಗುಂಡಿ ಒತ್ತಿ ಹಾಲಿಟ್ಟೆ. ಅದು ತೆರೆದುಕೊಂಡ ಬೆಳಕು ಬಾಗಿಲಿನಿಂದ ಕಾಣಿಸಿತು. ಕಾಲು ಆ ಕಡೆ ಎಳೆಯಿತು, ಹೋಗಲಿಲ್ಲ. ಹಾಲಿನ ಮೇಲೆ ಕೆನೆ ಕಟ್ಟಿ, ನಡುವೆ ಬಿರಿದು, ಅಂಚಿನಿಂದ ನೊರೆ ಎದ್ದು, ಪಾತ್ರೆಯ ಕಂಠದವರೆಗೆ ಬರುವ ತನಕ ನಿಂತು ನೋಡಿ ಆರಿಸಿದೆ. ತುಳಸಿಗೆ ನೀರು ಹಾಕಿದೆ. ಎದುರುಮನೆಯವರು ಮಳೆಯ ಬಗ್ಗೆ ಹೇಳಿದ್ದನ್ನು ಪೂರ್ತಿ ಕೇಳಿದೆ. ಕಾಫಿ ಹಿಡಿದು ಬಂದಾಗ ಲ್ಯಾಪ್‌ಟಾಪಿನ ಪರದೆ ಕಪ್ಪಾಗಿತ್ತು.

“ಕೆಟ್ಟೋಯ್ತೇನೋ ನೋಡೇ” ಎಂದೆ.

ನನ್ನಾಕೆ ಹತ್ತಿರ ಬಂದು ನೋಡಿದಳು. “ಕೆಟ್ಟಿಲ್ಲ ರೀ. ನಿಮಗೆ ಕಾದೂ ಕಾದೂ ಮಲಗಿಬಿಟ್ಟಿದೆ, ಪಾಪ.”

ಎಬ್ಬಿಸಲು ಮನಸ್ಸಾಗಲಿಲ್ಲ. ಕಾಫಿ ಮುಗಿಯುವವರೆಗೆ ಮಲಗಿರಲಿ ಎಂದು ಪೇಪರು ಬಿಡಿಸಿದೆ.